ಹೆರಿಗೆ ಕೋಣೆಯ ತರಬೇತಿ: ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಕೆಲಸ ಶುರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತಾಯಿ ಮತ್ತು ನವಜಾತ ಶಿಶುವಿನ ಆರೋಗ್ಯದ ಬಗ್ಗೆ ತರಬೇತಿ ಯೋಜನೆ ಹಿಡಿದು ಈ ಮೂರು ಜಿಲ್ಲೆಗಳಿಗೆ ಬರುವ ಸಂಸ್ಥೆಗಳು ಬಹಳ. ಹೊಸದಾಗಿ ತರಬೇತಿ ಕೊಡಲು ಹೊರಟ ನರ್ಸ್‌ಗಳೂ ಇದ್ದಾರೆ. ತಾಲ್ಲೂಕು ಆರೋಗ್ಯ ಕಚೇರಿಯವರಂತೂ ಸದಾ ಇದರಲ್ಲೇ ಇರುತ್ತಾರೆ. ಅವರೆಲ್ಲ ಕೇಳುವ ಪ್ರಶ್ನೆಗಳಿಗೆ ನಮ್ಮ ಅನುಭವದಲ್ಲಿ ನಿಜ ಅನಿಸಿದ ಉತ್ತರ ಇಲ್ಲಿದೆ. ಚಿಕಿತ್ಸೆಯ ವಿಷಯ ಬಂದಲ್ಲಿ ಇಲಾಖೆಯ ಇತ್ತೀಚಿನ ಮಾರ್ಗಸೂಚಿಯೇ ಕೊನೆಯ ಮಾತು.

ಈಗ ಹೆರಿಗೆಯೆಲ್ಲ ಆಸ್ಪತ್ರೆಯಲ್ಲೇ ಆಗುತ್ತಿದೆ. ಮತ್ತೆ ತರಬೇತಿ ಯಾಕೆ?

ಆಸ್ಪತ್ರೆಗೆ ಬಂದರೆ ಅರ್ಧ ದಾರಿ ಬಂದ ಹಾಗೆ, ಅಷ್ಟೇ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆಸ್ಪತ್ರೆ ಹೆರಿಗೆ ಶೇ. 65ರ ಆಸುಪಾಸು ಇತ್ತು. 2019–21ರ ಸಮೀಕ್ಷೆಗೆ ಅದು ಶೇ. 97 ಆಯಿತು. ಇದರಲ್ಲಿ ಆಶಾ ಕಾರ್ಯಕರ್ತೆಯರ ಓಡಾಟ ಇದೆ, 2005ರ ಜನನಿ ಸುರಕ್ಷಾ ಯೋಜನೆ ಇದೆ, 2008ರಲ್ಲಿ ಬಂದ 108 ಆಂಬುಲೆನ್ಸ್ ಇದೆ. ದೊಡ್ಡ ಕೆಲಸವೇ ಆಗಿದೆ.

ಆದರೂ 2018–20ರ ಲೆಕ್ಕ ನೋಡಿ. ಒಂದು ಲಕ್ಷ ಮಕ್ಕಳು ಹುಟ್ಟಿದರೆ ಕರ್ನಾಟಕದಲ್ಲಿ 69 ತಾಯಂದಿರು ತೀರಿಕೊಂಡಿದ್ದಾರೆ, ಕೇರಳದಲ್ಲಿ 19. ಎರಡೂ ಕಡೆ ಹೆರಿಗೆ ಆಗುವುದು ಆಸ್ಪತ್ರೆಯಲ್ಲೇ. ರಕ್ತಹೀನತೆ, ಚಿಕ್ಕ ವಯಸ್ಸಿನ ಮದುವೆ, ಮಕ್ಕಳ ನಡುವಿನ ಅಂತರ ಎಲ್ಲವೂ ಈ ವ್ಯತ್ಯಾಸಕ್ಕೆ ಕಾರಣ. ಆದರೆ ಒಂದು ಪಾಲು ಮಾತ್ರ ಬಾಗಿಲು ದಾಟಿ ಒಳಗೆ ಬಂದ ಮೇಲೆ ಏನು ನಡೆಯಿತು ಎಂಬುದಕ್ಕೇ ಸೇರಿದ್ದು. ಹೆರಿಗೆಯ ನಂತರದ ರಕ್ತಸ್ರಾವ, ಬಿಪಿ ಏರಿ ಬರುವ ಫಿಟ್ಸ್, ಸೋಂಕು: ತಾಯಂದಿರನ್ನು ಕೊಲ್ಲುವುದು ಹೆಚ್ಚಾಗಿ ಇವೇ. ಕೂಸುಗಳ ಮಟ್ಟಿಗೆ ಹುಟ್ಟಿದ ಕೂಡಲೇ ಉಸಿರು ಬಾರದಿರುವುದು, ದಿನ ತುಂಬದೆ ಹುಟ್ಟುವುದು, ಸೋಂಕು. ಇವಕ್ಕೆಲ್ಲ ಮದ್ದಿದೆ. ಕೆಲವಕ್ಕೆ ಗಂಟೆಗಳ ಸಮಯ ಸಿಗುತ್ತದೆ, ಕೆಲವಕ್ಕೆ ಒಂದು ನಿಮಿಷ. ಆ ಒಂದು ನಿಮಿಷಕ್ಕಾಗಿಯೇ ತರಬೇತಿ ಬೇಕು.

ನರ್ಸ್‌ಗಳಿಗೆ ಇದೆಲ್ಲ ಗೊತ್ತೇ ಇರುತ್ತದಲ್ವಾ? 21 ದಿನದ ತರಬೇತಿ ಆಗಿರುತ್ತದೆ.

ಗೊತ್ತಿರುತ್ತದೆ. ನುರಿತ ಹೆರಿಗೆ ಸಹಾಯಕಿಯರ 21 ದಿನದ ತರಬೇತಿ ಬಹಳ ಜನಕ್ಕೆ ಆಗಿದೆ. 2009ರಲ್ಲಿ ಶುರುವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ 2 ದಿನದ ತರಬೇತಿಯೂ ಆಗಿದೆ. ಪ್ರಶ್ನೆಪತ್ರಿಕೆ ಕೊಟ್ಟರೆ ಚೆನ್ನಾಗಿಯೇ ಬರೆಯುತ್ತಾರೆ. ಕೊರತೆ ಇರುವುದು ಕೈಯಲ್ಲಿ. ಜೋಳದ ರೊಟ್ಟಿ ಬಡಿಯುವುದನ್ನು ಯಾರೂ ಓದಿ ಕಲಿಯುವುದಿಲ್ಲ, ಬಿಟ್ಟು ಬಿಟ್ಟು ಮಾಡಿದರೆ ರೊಟ್ಟಿ ಹರಿಯುತ್ತದೆ. ಇದೂ ಹಾಗೆಯೇ.

ಉಸಿರಾಡದ ಕೂಸಿನ ವಿಷಯವನ್ನೇ ತೆಗೆದುಕೊಳ್ಳಿ. ತಿಂಗಳಿಗೆ ಹತ್ತು ಹದಿನೈದು ಹೆರಿಗೆ ಆಗುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಂಬು ಬ್ಯಾಗ್ (ಕೈಯಿಂದ ಒತ್ತಿ ಕೂಸಿಗೆ ಗಾಳಿ ಕೊಡುವ ಚೀಲ) ಹಿಡಿಯುವ ಸಂದರ್ಭ ಅಪರೂಪ. ಒಬ್ಬ ಸಿಸ್ಟರ್ ಪಾಳಿಯಲ್ಲಿ ಅದು ವರ್ಷಕ್ಕೆ ಒಮ್ಮೆ ಎರಡು ಸಲ ಬಂದರೆ ಹೆಚ್ಚು. ಬಂದಾಗ ಮಾತ್ರ ಯೋಚಿಸಲು ಸಮಯ ಇರುವುದಿಲ್ಲ. ಕೂಸನ್ನು ಒರೆಸಬೇಕು, ಬೆನ್ನು ಉಜ್ಜಬೇಕು, ಉಸಿರು ಬರಲಿಲ್ಲ ಅಂದರೆ ಮೊದಲ ನಿಮಿಷದೊಳಗೆ ಮಾಸ್ಕ್ ಇಟ್ಟು ಗಾಳಿ ಕೊಡಬೇಕು. ನಿಮಿಷಕ್ಕೆ 40ರಿಂದ 60 ಸಲ.

ಈ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಅಂಬು ಬ್ಯಾಗ್ ತೋರಿಸಿ ಎಂದಾಗ ಸಿಸ್ಟರ್ ಬೀಗದ ಕೈ ಹುಡುಕಲು ಹೋದರು. ಸಾಮಾನು ಕಳೆದರೆ ತಮ್ಮ ತಲೆಗೆ ಬರುತ್ತದೆ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅವರ ಮಟ್ಟಿಗೆ ಅದು ಸರಿಯಾದ ಜಾಗ್ರತೆಯೇ. ಬೀಗ ತೆಗೆದರೆ ಬ್ಯಾಗ್ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು, ಹೊಚ್ಚ ಹೊಸದು. ಮಾಸ್ಕ್ ಒಂದೇ ಇತ್ತು, ಅದೂ ದೊಡ್ಡದು. ದಿನ ತುಂಬಿದ ಕೂಸಿಗೆ 1ನೇ ನಂಬರಿನ ಮಾಸ್ಕ್ ಬೇಕು, ತಿಂಗಳು ತುಂಬದ ಕೂಸಿಗೆ 0. ಬ್ಯಾಗನ್ನು ಅಂಗೈಗೆ ಒತ್ತಿ ನೋಡಿದಾಗ ಗಾಳಿ ಒಂದು ಬದಿಯಿಂದ ಸೋರುತ್ತಿತ್ತು. ಸಿಸ್ಟರ್ ಮುಖ ಸಣ್ಣದಾಯಿತು. ಅವತ್ತು ಅರ್ಧ ದಿನ ನಾವು ಪಾಠ ಮಾಡಲೇ ಇಲ್ಲ. ಬೆಚ್ಚಗಿಡುವ ವಾರ್ಮರ್ ಪಕ್ಕ ಬ್ಯಾಗಿಗೆ ಒಂದು ಜಾಗ ಮಾಡಿದೆವು, ಗೊಂಬೆಯ ಮೇಲೆ ಒತ್ತಿದೆವು. ಪಾಳಿ ಬದಲಾಗುವಾಗ ಬ್ಯಾಗನ್ನು ಅಂಗೈಗೆ ಒಮ್ಮೆ ಒತ್ತಿ ನೋಡುವುದನ್ನು ರೂಢಿ ಮಾಡಿಕೊಳ್ಳೋಣ ಎಂದು ಅವರೇ ಹೇಳಿದರು.

ಎಲ್ಲರನ್ನೂ ಜಿಲ್ಲಾ ಕೇಂದ್ರಕ್ಕೆ ಕರೆಸಿ ಒಟ್ಟಿಗೆ ತರಬೇತಿ ಕೊಟ್ಟರೆ ಖರ್ಚು ಕಡಿಮೆ ಅಲ್ವಾ?

ಖರ್ಚು ಕಡಿಮೆ, ಫಲವೂ ಕಡಿಮೆ. ಹಾಲ್, ಪ್ರೊಜೆಕ್ಟರ್, ಊಟ, ಟಿಎ–ಡಿಎ, ಫೋಟೊ, ಸಹಿ, ಇಷ್ಟರಲ್ಲಿ ದಿನ ಮುಗಿಯುತ್ತದೆ. ಬರುವವರೂ ಸಾಮಾನ್ಯವಾಗಿ ಅದೇ ಮುಖಗಳು. ಯಾರನ್ನು ಬಿಟ್ಟುಕೊಡಲು ಸುಲಭವೋ ಅವರನ್ನೇ ಕಳಿಸುತ್ತಾರೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದು ನಿಜವಾಗಿ ಹೆರಿಗೆ ಮಾಡಿಸುವವರಿಗೆ ಪತ್ರವೇ ತಲುಪಿರುವುದಿಲ್ಲ.

ನರ್ಸ್ ಇರುವಲ್ಲಿಗೇ ತರಬೇತಿ ಹೋಗಬೇಕು. ಇದಕ್ಕೆ ನಮ್ಮ ಭಾಗದಲ್ಲೇ ಒಳ್ಳೆಯ ಉದಾಹರಣೆ ಇದೆ. ಸುಕ್ಷೇಮ ಯೋಜನೆ ಉತ್ತರ ಕರ್ನಾಟಕದ 8 ಜಿಲ್ಲೆಗಳಲ್ಲಿ ನಡೆಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಅದರಲ್ಲಿದ್ದವು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ರಾಜ್ಯ ಸರ್ಕಾರದ ಜೊತೆ ಸೇರಿ ನಡೆಸಿದ ಯೋಜನೆ ಅದು. ಅದರ ಅಡಿಯಲ್ಲಿ ಬಳ್ಳಾರಿ ಮತ್ತು ಕಲಬುರಗಿಯ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು 54–54 ಎಂದು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನರ್ಸ್ ಮೆಂಟರ್‌ಗಳು ಮತ್ತೆ ಮತ್ತೆ ಹೋಗಿ, ಅಲ್ಲೇ ಇದ್ದು, ಪಕ್ಕದಲ್ಲಿ ನಿಂತು ಕಲಿಸಿದರು. ಆ ಕೇಂದ್ರಗಳಲ್ಲಿ ನರ್ಸ್‌ಗಳ ತಿಳಿವಳಿಕೆ, ಹೆರಿಗೆ ಕೋಣೆಯ ತಯಾರಿ, ಕೇಸ್ ಶೀಟ್ ತುಂಬುವುದು ಎಲ್ಲ ಸುಧಾರಿಸಿತು. ಮೆಂಟರ್ ಕೂಡ ನರ್ಸೇ ಆಗಿದ್ದದ್ದು ಇಲ್ಲಿ ಮುಖ್ಯ ಎಂದು ನನಗೆ ಅನಿಸುತ್ತದೆ. ಡಾಕ್ಟರ್ ಬಂದು ಕೇಳಿದರೆ ಸಿಸ್ಟರ್ "ಗೊತ್ತದ ಸರ್" ಅನ್ನುತ್ತಾರೆ. ಇನ್ನೊಬ್ಬ ಸಿಸ್ಟರ್ ಕೇಳಿದರೆ "ಇದೊಂದ್ ತೋರ್ಸಕ್ಕಾ" ಅನ್ನುತ್ತಾರೆ.

ಒಂದೇ ಭೇಟಿಯಲ್ಲಿ ಎಲ್ಲ ಹೇಳಿ ಮುಗಿಸಬೇಡಿ. ಸ್ವಲ್ಪ ಸ್ವಲ್ಪ, ಪದೇ ಪದೇ. ಕೈಯ ಕಸುಬು ತಿಂಗಳುಗಳಲ್ಲೇ ಮಾಸಿಹೋಗುತ್ತದೆ.

ವೈದ್ಯಾಧಿಕಾರಿ ಸಿಬ್ಬಂದಿಯನ್ನು ಬಿಟ್ಟುಕೊಡುವುದಿಲ್ಲ. ಏನು ಮಾಡಬೇಕು?

ಅವರ ಜಾಗದಲ್ಲಿ ನಿಂತು ನೋಡಿ. ದಿನದ 24 ಗಂಟೆ ನಡೆಯುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವರು ಸ್ಟಾಫ್ ನರ್ಸ್ ಇರಬೇಕು. ಒಬ್ಬರು ಡೆಪ್ಯುಟೇಶನ್ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ, ಒಬ್ಬರು ಹೆರಿಗೆ ರಜೆಯಲ್ಲಿ ಅಂದರೆ ಉಳಿದವರು ಒಬ್ಬರೇ. ಆ ಒಬ್ಬರನ್ನು ನೀವು ಮೂರು ದಿನ ಕೇಳುತ್ತೀರಿ.

ನೀವೇ ಅಲ್ಲಿಗೆ ಹೋದರೆ ಈ ಜಗಳವೇ ಇರುವುದಿಲ್ಲ. ಹೋಗುವ ಮುಂಚೆ ಕ್ಯಾಲೆಂಡರ್ ನೋಡಿ. ಗುರುವಾರ ಲಸಿಕೆ ಇರುವ ಊರಲ್ಲಿ ಗುರುವಾರ ಹೋಗಬೇಡಿ. ಪ್ರತಿ ತಿಂಗಳ 9ನೇ ತಾರೀಕು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ, ಅವತ್ತು ಬಸುರಿಯರ ಸಾಲೇ ಇರುತ್ತದೆ. ಪೋಲಿಯೊ ಸುತ್ತಿನ ವಾರ, ತಿಂಗಳ ಕೊನೆಯ ವರದಿ ದಿನಗಳು, ಜಾತ್ರೆ ದಿನ ಬೇಡ. ಗವಿಮಠದ ಜಾತ್ರೆಯ ದಿನ ಕೊಪ್ಪಳದಲ್ಲಿ ತರಬೇತಿ ಇಟ್ಟವರಿಗೆ ಬಸ್ಸೂ ಸಿಗುವುದಿಲ್ಲ, ಜನವೂ ಸಿಗುವುದಿಲ್ಲ. ಬರುವ ದಿನವನ್ನು ವೈದ್ಯಾಧಿಕಾರಿಗೆ ಮೊದಲೇ ಹೇಳಿ. ಕೇಂದ್ರಕ್ಕೆ ಹೋದಾಗ ಮೊದಲು ಅವರ ಕೋಣೆಗೆ ಹೋಗಿ, ಹೊರಡುವಾಗಲೂ ಹೋಗಿ. ಅಲ್ಲಿ ಕಂಡ ಕೊರತೆಯನ್ನು ಮೇಲಿನವರಿಗೆ ಹೇಳುವ ಮುಂಚೆ ಅವರಿಗೆ ಹೇಳಿ. ಇಷ್ಟು ಮಾಡಿದರೆ ಹೆಚ್ಚಿನವರು ನಿಮ್ಮ ಪರ ನಿಲ್ಲುತ್ತಾರೆ.

ತರಬೇತಿ ಕೊಟ್ಟ ಸಿಸ್ಟರ್‌ಗೆ ವರ್ಗಾವಣೆ ಆಗಿಬಿಡುತ್ತದೆ. ಶ್ರಮ ನೀರುಪಾಲಲ್ವಾ?

ವರ್ಗಾವಣೆ ಆದರೂ ಅವರು ಇನ್ನೊಂದು ಹೆರಿಗೆ ಕೋಣೆಗೇ ಹೋದರೆ ಕಲಿತದ್ದು ಹಾಳಾಗುವುದಿಲ್ಲ. ಬೇಸರದ ಸಂಗತಿ ಅಂದರೆ ಹೆರಿಗೆ ಕೋಣೆಯಲ್ಲಿ ಪಳಗಿದವರನ್ನು ಹೊರರೋಗಿ ವಿಭಾಗಕ್ಕೋ ಕಚೇರಿ ಕೆಲಸಕ್ಕೋ ಹಾಕುವುದು. ಇದನ್ನು ತಡೆಯಲು ಜಿಲ್ಲಾ ಆರೋಗ್ಯಾಧಿಕಾರಿ ಮತ್ತು ತಾಯಿ–ಮಕ್ಕಳ ಆರೋಗ್ಯ ನೋಡಿಕೊಳ್ಳುವ ಆರ್‌ಸಿಎಚ್ ಅಧಿಕಾರಿ ಜೊತೆ ಯೋಜನೆಯ ಶುರುವಿನಲ್ಲೇ ಮಾತಾಡಿ, ಸಾಧ್ಯವಾದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಗುತ್ತಿಗೆ ನರ್ಸ್‌ಗಳ ಕಥೆ ಬೇರೆ. ಸಂಬಳ ಕಡಿಮೆ, ಅದೂ ತಡವಾಗಿ ಬರುತ್ತದೆ. ಕಾಯಂ ಕೆಲಸ ಸಿಕ್ಕ ದಿನ ಹೊರಡುತ್ತಾರೆ. ಅವರನ್ನು ದೂರಬೇಡಿ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದವರಿಗೆ ಇಲ್ಲಿನ ಹುದ್ದೆಗಳಲ್ಲಿ ಮೀಸಲಾತಿ ಇದೆ. ಊರಿನವರೇ ಬಂದರೆ ನಿಲ್ಲುವ ಸಾಧ್ಯತೆ ಜಾಸ್ತಿ. ಆದರೆ ಹುದ್ದೆ ತುಂಬುವುದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಒಬ್ಬರ ಬದಲು ಇಡೀ ತಂಡಕ್ಕೆ ಕಲಿಸುವುದು. ಗ್ರೂಪ್ ಡಿ ಸಿಬ್ಬಂದಿಯನ್ನೂ ಕೂರಿಸಿಕೊಳ್ಳಿ. ಮಧ್ಯರಾತ್ರಿ ಸಿಸ್ಟರ್ ಜೊತೆ ಲೇಬರ್ ಟೇಬಲ್ ಪಕ್ಕ ನಿಲ್ಲುವವರು ಆ ಆಯಾ ಅಮ್ಮನೇ. ಯಾವ ಟ್ರೇ ಎಲ್ಲಿದೆ ಎಂದು ಅವರಿಗೆ ಗೊತ್ತಿದ್ದರೆ ಎರಡು ನಿಮಿಷ ಉಳಿಯುತ್ತದೆ.

ಔಷಧಿ, ಸಾಮಾನು ಸರಿಯಾಗಿ ಸಿಗದಿದ್ದರೆ ತರಬೇತಿಯಿಂದ ಏನು ಉಪಯೋಗ?

ಬಹಳ ಕಡಿಮೆ ಉಪಯೋಗ. ಯೋಜನೆ ಬರೆಯುವವರು ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಆಕ್ಸಿಟೋಸಿನ್ ನೋಡಿ. ಕೂಸು ಹುಟ್ಟಿದ ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲ ಎಂದು ನೋಡಿಕೊಂಡು, 10 ಯೂನಿಟ್ ಸ್ನಾಯುವಿಗೆ ಕೊಡಬೇಕು. ರಕ್ತಸ್ರಾವ ತಡೆಯುವುದರಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ರಾಯಚೂರಿನ ಏಪ್ರಿಲ್–ಮೇ ಬಿಸಿಲು ಗೊತ್ತಲ್ಲ, 40 ದಾಟುತ್ತದೆ. ಹಗಲು ಕರೆಂಟ್ ಹೋಗುತ್ತದೆ. ಲಸಿಕೆಯ ಫ್ರಿಜ್ ಒಂದಿರುತ್ತದೆ, ಅದರ ಕೀಲಿ ಲಸಿಕೆ ನೋಡುವವರ ಹತ್ತಿರ. ರಾತ್ರಿ ಬೇಕಾಗುತ್ತದೆ ಎಂದು ಸಿಸ್ಟರ್ ಆಂಪ್ಯೂಲ್‌ಗಳನ್ನು ಸಂಜೆಯೇ ಟ್ರೇಯಲ್ಲಿ ತೆಗೆದಿಡುತ್ತಾರೆ. ವಾರಗಟ್ಟಲೆ ಅಲ್ಲೇ ಉಳಿದ ಮದ್ದು ಶಕ್ತಿ ಕಳೆದುಕೊಂಡಿರುತ್ತದೆ. ಇಂಜೆಕ್ಷನ್ ಕೊಟ್ಟರೂ ರಕ್ತ ನಿಲ್ಲಲಿಲ್ಲ ಅಂದರೆ ಅದು ಸಿಸ್ಟರ್ ತಪ್ಪು ಅನ್ನಲು ಆಗುತ್ತದಾ? ಹೆರಿಗೆ ಕೋಣೆಗೆ ಒಂದು ಸಣ್ಣ ಫ್ರಿಜ್ ಕೇಳಿ ಕೊಡಿಸುವುದೂ ನಿಮ್ಮ ಯೋಜನೆಯ ಕೆಲಸವೇ.

ಮ್ಯಾಗ್ನೀಸಿಯಂ ಸಲ್ಫೇಟ್ ಇನ್ನೊಂದು. ಫಿಟ್ಸ್ ಬಂದ ಬಸುರಿಯನ್ನು ಕಳಿಸುವ ಮುಂಚೆ ಪ್ರಾಥಮಿಕ ಕೇಂದ್ರದಲ್ಲೇ ಮೊದಲ ಡೋಸ್ 10 ಗ್ರಾಂ ಕೊಡಬೇಕು, ಎರಡು ಪಿರ್ರೆಗೂ 5–5 ಗ್ರಾಂ. ಒಂದು ಆಂಪ್ಯೂಲಿನಲ್ಲಿ ಇರುವುದು 1 ಗ್ರಾಂ. ಅಂದರೆ ಹತ್ತು ಆಂಪ್ಯೂಲ್ ಒಡೆಯಬೇಕು, ಮುಂದೆ ಒಬ್ಬಳು ನಡುಗುತ್ತಿರುವಾಗ. ಹತ್ತು ಆಂಪ್ಯೂಲ್, ಎರಡು 10 ಎಂಎಲ್ ಸಿರಿಂಜ್, ಸೂಜಿ, ಹತ್ತಿ ಎಲ್ಲ ಒಂದೇ ಡಬ್ಬಿಯಲ್ಲಿ ತಯಾರಿರಬೇಕು. ಡಬ್ಬಿ ಮೇಲೆ "ಫಿಟ್ಸ್" ಅಂತ ದೊಡ್ಡದಾಗಿ ಬರೆಯಿರಿ. ಹಾಗೆಯೇ ರಕ್ತಸ್ರಾವದ್ದೊಂದು ಡಬ್ಬಿ. ತರಬೇತಿಯಲ್ಲಿ ಆಂಪ್ಯೂಲ್ ಒಡೆಯುವುದನ್ನೂ ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿ. ಮೊದಲ ಸಲ ಹಿಡಿಯುವ ಸಮಯ ನೋಡಿದರೆ ಎಲ್ಲರೂ ಬೆಚ್ಚಿಬೀಳುತ್ತಾರೆ.

ಇನ್ನು ಔಷಧಿಯ ಗುಣಮಟ್ಟ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಐವಿ ದ್ರಾವಣದ ಮೇಲೆ ಅನುಮಾನ ಬಂತು, ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ಮನೆಗಳಲ್ಲಿ ಹಸುಗೂಸುಗಳು ಉಳಿದವು. ಎಷ್ಟೇ ಪಳಗಿದ ಕೈಯಾದರೂ ಬಾಟಲಿಯ ಒಳಗೆ ಏನಿದೆ ಎಂದು ನೋಡಲಾಗದು. ಆದರೆ ಒಂದೇ ವಾರ್ಡಿನಲ್ಲಿ ಎರಡನೇ ಬಾಣಂತಿಗೆ ಅದೇ ತೊಂದರೆ ಕಂಡಾಗ ಬ್ಯಾಚ್ ನಂಬರ್ ಬರೆದಿಟ್ಟು, ಬಳಕೆ ನಿಲ್ಲಿಸಿ, ಕೂಡಲೇ ಮೇಲಕ್ಕೆ ತಿಳಿಸುವುದನ್ನು ಕಲಿಸಬಹುದು. ಹಾಗೆ ತಿಳಿಸಿದವರನ್ನು ಬೈಯದೆ ಕೇಳಿಸಿಕೊಳ್ಳುವುದನ್ನು ಮೇಲಿನವರಿಗೂ ಕಲಿಸಬೇಕು.

ಪಾರ್ಟೋಗ್ರಾಫ್ (ಹೆರಿಗೆ ನೋವು ಹೇಗೆ ಮುಂದುವರಿಯುತ್ತಿದೆ ಎಂದು ಆಗಾಗ ಗುರುತು ಹಾಕುವ ನಕ್ಷೆ) ಅನ್ನು ಹೆರಿಗೆ ಆದ ಮೇಲೆ ತುಂಬುತ್ತಾರೆ. ಇದನ್ನು ತಡೆಯುವುದು ಹೇಗೆ?

ಬೈದರೆ ಹೆಚ್ಚು ಚೆಂದವಾಗಿ ತುಂಬುತ್ತಾರೆ, ಅಷ್ಟೇ. ಗೆರೆ ನೆಟ್ಟಗೆ, ಚುಕ್ಕಿ ಸಮಾಂತರ. ಅಂಥ ಹಾಳೆ ಕಂಡರೆ ಅದು ಆಮೇಲೆ ಬರೆದದ್ದು ಎಂದು ತಿಳಿಯಿರಿ.

ಒಂದು ಹೆರಿಗೆಗೆ ಸಿಸ್ಟರ್ ಎಷ್ಟು ಕಡೆ ಬರೆಯುತ್ತಾರೆ, ಒಮ್ಮೆ ಪಕ್ಕದಲ್ಲಿ ಕೂತು ಎಣಿಸಿ. ಹೆರಿಗೆ ರಿಜಿಸ್ಟರ್, ಕೇಸ್ ಶೀಟ್, ತಾಯಿ ಕಾರ್ಡ್, ಜನನ ನೋಂದಣಿ, ಲಸಿಕೆಯ ಪುಸ್ತಕ, ಯೋಜನೆಗಳ ಹಣಕ್ಕೆ ಬೇರೆ ಬೇರೆ ಪಟ್ಟಿ, ಮೇಲಿಂದ ಆನ್‌ಲೈನ್ ಎಂಟ್ರಿ. ಇದರ ನಡುವೆ ಪಾರ್ಟೋಗ್ರಾಫ್ ಇನ್ನೊಂದು ಹಾಳೆಯಾಗಿ ಕಾಣುತ್ತದೆ. ಅದರ ಕೆಲಸ ಏನು ಎಂದು ಅನುಭವಕ್ಕೆ ಬಂದಾಗ ಮಾತ್ರ ಮನಸ್ಸು ಬದಲಾಗುತ್ತದೆ. ಗೆರೆ ಬಲಕ್ಕೆ ವಾಲಿದ್ದನ್ನು ನೋಡಿ ಎರಡು ಗಂಟೆ ಮೊದಲೇ ಕಳಿಸಿದ್ದರಿಂದ ತಾಯಿ–ಮಗು ಉಳಿದ ಒಂದು ಕೇಸ್ ಆ ಕೇಂದ್ರದಲ್ಲೇ ಸಿಕ್ಕರೆ ಸಾಕು. ಅದನ್ನು ಇಟ್ಟುಕೊಂಡು ಮಾತಾಡಿ. ನಿಮ್ಮ ಯೋಜನೆಯ ಲೆಕ್ಕಕ್ಕಾಗಿ ಇನ್ನೊಂದು ಫಾರಂ ತರುವ ಮುಂಚೆ ಮಾತ್ರ ನೂರು ಸಲ ಯೋಚಿಸಿ. ಇರುವ ರಿಜಿಸ್ಟರ್‌ನಿಂದಲೇ ಅಂಕಿ ತೆಗೆಯಲು ಬಂದರೆ ಅದೇ ದೊಡ್ಡ ಉಪಕಾರ.

ತರಬೇತಿ ಯಾವ ಭಾಷೆಯಲ್ಲಿ ಇರಬೇಕು?

ಕನ್ನಡದಲ್ಲಿ, ಅದೂ ನರ್ಸ್‌ಗಳು ತಮ್ಮತಮ್ಮಲ್ಲಿ ಆಡುವ ಕನ್ನಡದಲ್ಲಿ. ಔಷಧಿಯ ಹೆಸರು, ಬಿಪಿ, ಪಲ್ಸ್, ಲೇಬರ್ ಎಲ್ಲ ಹಾಗೇ ಇರಲಿ. ಅದನ್ನೆಲ್ಲ ಸಂಸ್ಕೃತಕ್ಕೆ ತಿರುಗಿಸಿದ ಕೈಪಿಡಿಗಳನ್ನು ಯಾರೂ ತೆರೆಯುವುದಿಲ್ಲ. ಇಂಗ್ಲಿಷ್ ಪಿಪಿಟಿಯೂ ಅಷ್ಟೇ, ಹಾಲ್‌ನಲ್ಲಿ ತಲೆ ಆಡಿಸಿ ಹೋಗುತ್ತಾರೆ.

ಬರುವ ಹೆಂಗಸರ ಭಾಷೆಯೂ ಮುಖ್ಯ. ಬಳ್ಳಾರಿ, ಸಿರುಗುಪ್ಪ, ರಾಯಚೂರಿನಲ್ಲಿ ತೆಲುಗು ಇದೆ. ನಾಲೆಯ ಉದ್ದಕ್ಕೂ ಇರುವ ಕ್ಯಾಂಪ್‌ಗಳಲ್ಲೂ ತೆಲುಗೇ. ತಾಂಡಾಗಳಲ್ಲಿ ಲಂಬಾಣಿ, ಊರುಗಳಲ್ಲಿ ಉರ್ದು. ಸಿಂಧನೂರಿನ ಪುನರ್ವಸತಿ ಕ್ಯಾಂಪ್‌ಗಳಲ್ಲಿ ಬಂಗಾಳಿ. "ಮುಕ್ಕಬೇಡ", "ಉಸಿರು ಬಿಡು", "ತಲೆ ನೋವು ಇದೆಯಾ", "ಕಣ್ಣು ಮಂಜಾಗುತ್ತಿದೆಯಾ", ಇಂಥ ಹತ್ತು ಮಾತು ಆ ಭಾಷೆಗಳಲ್ಲಿ ಗೋಡೆಗೆ ಬರೆದು ಅಂಟಿಸಿ. ಖರ್ಚಿಲ್ಲದ ಕೆಲಸ, ಉಪಯೋಗ ದೊಡ್ಡದು.

ಗುಳೆ ಹೋದವರು, ತವರಿಗೆ ಹೋದವರು ಕೈತಪ್ಪುತ್ತಾರೆ. ತರಬೇತಿಗೂ ಇದಕ್ಕೂ ಏನು ಸಂಬಂಧ?

ಬಹಳ ಸಂಬಂಧ. ದೇವದುರ್ಗ, ಲಿಂಗಸೂಗೂರು, ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯಿಂದ ಬೆಂಗಳೂರು, ಗೋವಾ, ಪುಣೆಗೆ ಜನ ಗುಳೆ ಹೋಗುತ್ತಾರೆ. ಬಸುರಿಯರೂ ಹೋಗುತ್ತಾರೆ. ಏಳನೇ ತಿಂಗಳಲ್ಲಿ ಕಟ್ಟಡದ ಕೆಲಸ ಬಿಟ್ಟು ವಾಪಸ್ ಬರುತ್ತಾರೆ, ಎರಡು ತಪಾಸಣೆ ತಪ್ಪಿರುತ್ತದೆ. ಇತ್ತ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಪದ್ಧತಿ. ಕುಬುಸ (ಸೀಮಂತ) ಆಯಿತು ಅಂದರೆ ಹುಡುಗಿ ಇನ್ನೊಂದು ತಾಲ್ಲೂಕಿಗೋ ಆಂಧ್ರದ ಗಡಿಯಾಚೆಗೋ ಹೊರಟಳು ಎಂದೇ ಅರ್ಥ. ಈ ಊರಿನ ಆಶಾ ಪಟ್ಟಿಯಿಂದ ಹೆಸರು ಹೋಯಿತು, ಆ ಊರಿನ ಆಶಾ ಪಟ್ಟಿಗೆ ಇನ್ನೂ ಬಂದಿಲ್ಲ.

ಆದ್ದರಿಂದ ಹೆರಿಗೆ ಕೋಣೆಯ ಸಿಸ್ಟರ್ ಮುಂದೆ ಬರುವವರಲ್ಲಿ ಎಷ್ಟೋ ಜನರ ಹಿನ್ನೆಲೆ ಗೊತ್ತಿರುವುದಿಲ್ಲ. ಹಿಮೋಗ್ಲೋಬಿನ್ ಎಷ್ಟು, ಹಿಂದೆ ಸಿಸೇರಿಯನ್ ಆಗಿತ್ತಾ, ಬಿಪಿ ಇತ್ತಾ ಎಂಬುದು ತಾಯಿ ಕಾರ್ಡ್ ಇದ್ದರೆ ಮಾತ್ರ ತಿಳಿಯುತ್ತದೆ. ಕಾರ್ಡ್ ಇಲ್ಲದೆ ನೋವು ತಿನ್ನುತ್ತಾ ಬಂದವಳನ್ನು ಐದು ನಿಮಿಷದಲ್ಲಿ ಹೇಗೆ ಪರೀಕ್ಷಿಸುವುದು, ಇದನ್ನು ತರಬೇತಿಯಲ್ಲಿ ಬೇರೆಯೇ ಒಂದು ಪಾಠ ಮಾಡಿ. ರಾಜ್ಯದ ಬಸುರಿಯರಲ್ಲಿ ಅರ್ಧದ ಹತ್ತಿರ ಜನಕ್ಕೆ ರಕ್ತಹೀನತೆ ಇದೆ. ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಸ್ವಲ್ಪ ರಕ್ತ ಹೋದರೂ ಅದು ಸ್ವಲ್ಪವಲ್ಲ.

ಆಶಾ ಕಾರ್ಯಕರ್ತೆಯರಿಗೆ ಏನು ಕಲಿಸಬೇಕು?

ಅವರ ತಲೆಯ ಮೇಲೆ ಈಗಾಗಲೇ ಎಲ್ಲರ ಕಾರ್ಯಕ್ರಮವೂ ಇದೆ. ಹೊಸ ಭಾರ ಹೇರದೆ, ಇರುವ ಮನೆಭೇಟಿಗೆ ಬಲ ಕೊಡಿ. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಆಶಾ ಹೋಗಬೇಕು. ಕೂಸಿನ ತೂಕ, ಮೈಯ ಬಿಸಿ, ಹಾಲು ಕುಡಿಯುವುದು, ಹೊಕ್ಕುಳು ನೋಡಬೇಕು.

ಮನೆಯಲ್ಲಿ ಮಾತು ನಡೆಯುವುದು ಅಜ್ಜಿಯದು. ಹೊಕ್ಕುಳಿಗೆ ಏನಾದರೂ ಹಚ್ಚುವುದು, ಹುಟ್ಟಿದ ಕೂಡಲೇ ಜೇನುತುಪ್ಪ ನೆಕ್ಕಿಸುವುದು, ಮೊದಲ ದಪ್ಪ ಹಾಲು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರು ಕಡಿಮೆ ಕೊಡುವುದು ಇನ್ನೂ ಅಲ್ಲಲ್ಲಿ ಇದೆ. "ಇದೆಲ್ಲ ಮೂಢನಂಬಿಕೆ" ಅಂದರೆ ಬಾಗಿಲು ಮುಚ್ಚುತ್ತದೆ. ಅಜ್ಜಿಗೂ ಕೂಸು ಬದುಕಬೇಕೆಂಬುದೇ ಆಸೆ. ಕೂಸನ್ನು ಬೆಚ್ಚಗಿಡಬೇಕು ಎನ್ನುವ ಅವರ ಮಾತು ನಮ್ಮ ಪಾಠದಲ್ಲೂ ಇದೆ. ಅಲ್ಲಿಂದಲೇ ಶುರು ಮಾಡಿ. ತೂಕ ಕಡಿಮೆಯ ಕೂಸನ್ನು ಎದೆಗೆ ಅಪ್ಪಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ಅಜ್ಜಿಯ ಎದೆಯ ಮೇಲೇ ಮಾಡಿಸಿ ತೋರಿಸಿದ ಆಶಾ ಒಬ್ಬರನ್ನು ಬಲ್ಲೆ. ಆ ಓಣಿಯಲ್ಲಿ ಆಮೇಲೆ ಅದನ್ನು ಹೇಳಿಕೊಟ್ಟವರು ಆ ಅಜ್ಜಿಯೇ.

ರೆಫರ್ ಮಾಡುವುದನ್ನೂ ತರಬೇತಿಯಲ್ಲಿ ಸೇರಿಸಬೇಕಾ?

ಖಂಡಿತ. ಕುಷ್ಟಗಿಯ ಒಳಹಳ್ಳಿಯಿಂದ ಕೊಪ್ಪಳಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ. ದೇವದುರ್ಗದಿಂದ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ. ಸಿರುಗುಪ್ಪದಿಂದ ಬಳ್ಳಾರಿಗೆ. ಒಂದೊಂದು ಮೆಟ್ಟಿಲಲ್ಲೂ ಸಮಯ ಹೋಗುತ್ತದೆ. "ಮುಂದಕ್ಕೆ ಕರ್ಕೊಂಡ್ ಹೋಗ್ರಿ" ಎಂದು ಚೀಟಿ ಕೊಟ್ಟರೆ ಅದು ರೆಫರ್ ಆಗುವುದಿಲ್ಲ. ಹೊರಡುವ ಮುಂಚೆ ಮೊದಲ ಡೋಸ್ ಕೊಟ್ಟಿರಬೇಕು, ಐವಿ ಲೈನ್ ಇರಬೇಕು, ಯಾವ ಮದ್ದು ಎಷ್ಟು ಗಂಟೆಗೆ ಕೊಟ್ಟದ್ದು ಎಂದು ಬರೆದಿರಬೇಕು. ಆ ಕಡೆಯ ಆಸ್ಪತ್ರೆಗೆ ಫೋನ್ ಮಾಡಿ, ರಕ್ತ ಇದೆಯಾ, ಅರಿವಳಿಕೆ ವೈದ್ಯರು ಇದ್ದಾರಾ ಎಂದು ಕೇಳಿರಬೇಕು. ಈ ಫೋನ್ ಮಾತನ್ನು ತರಬೇತಿಯಲ್ಲಿ ನಾಟಕದ ಹಾಗೆ ಆಡಿಸಿ. ಹಿರಿಯ ವೈದ್ಯರ ಜೊತೆ ಒಂದು ನಿಮಿಷದಲ್ಲಿ ವಿಷಯ ಹೇಳಲು ಕಿರಿಯ ಸಿಸ್ಟರ್‌ಗಳಿಗೆ ಅಂಜಿಕೆ ಇರುತ್ತದೆ.

ದೊಡ್ಡ ಆಸ್ಪತ್ರೆಯವರನ್ನೂ ಕರೆಯಿರಿ. ಕಳಿಸುವವರೂ ತೆಗೆದುಕೊಳ್ಳುವವರೂ ಒಮ್ಮೆ ಮುಖ ನೋಡಿಕೊಂಡಿದ್ದರೆ ರಾತ್ರಿ 2 ಗಂಟೆಯ ಫೋನಿನ ಧಾಟಿಯೇ ಬೇರೆಯಾಗುತ್ತದೆ.

ಹೆರಿಗೆ ಕೋಣೆಯಲ್ಲಿ ಬೈಯುತ್ತಾರೆ ಎಂಬ ದೂರಿದೆ. ಇದು ತರಬೇತಿಯ ವಿಷಯವಾ?

ಹೌದು. ಬೈಸಿಕೊಂಡವಳು ಮುಂದಿನ ಸಲ ತಡವಾಗಿ ಬರುತ್ತಾಳೆ. ನೋವಿನಲ್ಲಿ ಕಿರುಚುವವಳ ಮೇಲೆ ಕೈ ಎತ್ತುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಜೊತೆಗೆ ಒಬ್ಬ ಹೆಂಗಸು ಇರಲು ಕೇಂದ್ರ ಸರ್ಕಾರ 2016ರಿಂದಲೇ ಒಪ್ಪಿದೆ. ಅವ್ವನನ್ನೋ ಅಕ್ಕನನ್ನೋ ಒಳಗೆ ಬಿಟ್ಟರೆ ಅರ್ಧ ಗಲಾಟೆ ತಾನಾಗೇ ಕಡಿಮೆಯಾಗುತ್ತದೆ. ಎರಡು ಪಾಳಿ ಒಟ್ಟಿಗೆ ಮಾಡಿ ಸುಸ್ತಾದ ಸಿಸ್ಟರ್‌ಗೆ ಬರೀ ಉಪದೇಶ ಮಾಡಬೇಡಿ. ಅವರಿಗೆ ಕೂರಲು ಕುರ್ಚಿ, ಬೀಗವಿರುವ ಶೌಚಾಲಯ, ರಾತ್ರಿ ಒಂದು ಕಾವಲು ಇದೆಯಾ ನೋಡಿ.

ವಾಟ್ಸಾಪ್, ವಿಡಿಯೊ ಮೂಲಕ ಕಲಿಸಿದರೆ ಸಾಕಾಗುವುದಿಲ್ವಾ?

ಜ್ಞಾಪಿಸಲು ಒಳ್ಳೆಯದು. ಕೈ ಪಳಗಿಸಲು ಸಾಲದು. ರೋಗಿಯ ಫೋಟೊ, ಹೆಸರು ಗುಂಪಿನಲ್ಲಿ ಹಾಕದಂತೆ ಮೊದಲ ದಿನವೇ ಹೇಳಿ.

ಖಾಸಗಿ ನರ್ಸಿಂಗ್ ಹೋಮ್‌ಗಳನ್ನು ಸೇರಿಸಬಹುದಾ?

ಸೇರಿಸಲೇಬೇಕು. ಗಂಗಾವತಿ, ಸಿಂಧನೂರಿನಂಥ ಊರುಗಳಲ್ಲಿ ಅನೇಕರು ಅಲ್ಲಿಗೇ ಹೋಗುತ್ತಾರೆ. ಅಲ್ಲಿನ ನರ್ಸ್‌ಗಳಿಗೆ ಸರ್ಕಾರಿ ತರಬೇತಿ ಸಿಗುವುದೇ ಅಪರೂಪ.

ಯೋಜನೆ ಯಶಸ್ವಿ ಎಂದು ಅಳೆಯುವುದು ಹೇಗೆ?

ಎಷ್ಟು ಜನ ಬಂದರು, ಎಷ್ಟು ಸಹಿ ಬಿದ್ದವು ಎಂದು ಲೆಕ್ಕ ಹಾಕಿದರೆ ಏನೂ ತಿಳಿಯುವುದಿಲ್ಲ. ಹೆರಿಗೆ ನೋಡಿ ಅಳೆಯಿರಿ. ಇಂಜೆಕ್ಷನ್ ಒಂದು ನಿಮಿಷದೊಳಗೆ ಆಯಿತಾ? ಕೂಸು ಮೊದಲ ಗಂಟೆಯಲ್ಲಿ ಎದೆಹಾಲು ಕುಡಿಯಿತಾ? ಅಂಬು ಬ್ಯಾಗ್ ಕೈಗೆ ಸಿಗುವಲ್ಲಿತ್ತಾ?

ಇದೂ ಸಾಕಾಗದಿರಬಹುದು ಎಂದು ಉತ್ತರ ಪ್ರದೇಶದ ಒಂದು ದೊಡ್ಡ ಅಧ್ಯಯನ ತೋರಿಸಿದೆ. 2014ರಿಂದ 2016ರವರೆಗೆ 120 ಆಸ್ಪತ್ರೆಗಳಲ್ಲಿ, 1.5 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದದ್ದು ಬೆಟರ್‌ಬರ್ತ್ ಪ್ರಯೋಗ. ಅರ್ಧ ಆಸ್ಪತ್ರೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿ ಕೊಟ್ಟು, ಪಕ್ಕದಲ್ಲಿ ನಿಂತು ಕಲಿಸಿದರು. ಸಿಬ್ಬಂದಿಯ ಕೆಲಸ ಸುಧಾರಿಸಿತು. ಸಾವು ಮಾತ್ರ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಇದರಿಂದ ನಾನು ಕೈಚೆಲ್ಲುವುದಿಲ್ಲ. ನನಗೆ ಕಾಣುವುದಿಷ್ಟು: ಕಲಿಸುವುದರ ಜೊತೆ ಸಿಬ್ಬಂದಿ, ಮದ್ದು, ರಕ್ತ, ಸಿಸೇರಿಯನ್ ಆಗುವ ಆಸ್ಪತ್ರೆ ಎಲ್ಲವೂ ಒಟ್ಟಿಗೆ ಬೇಕು. ದುಡ್ಡು ಕೊಡುವವರಿಗೆ ಎರಡೇ ವರ್ಷದಲ್ಲಿ ತಾಯಿ ಮರಣ ಇಷ್ಟು ಇಳಿಸುತ್ತೇವೆ ಎಂದು ಬರೆದುಕೊಡಬೇಡಿ. ಒಂದು ಜಿಲ್ಲೆಯ ಅಂಕಿ ವರ್ಷದಿಂದ ವರ್ಷಕ್ಕೆ ಹಾಗೇ ಏರಿಳಿಯುತ್ತದೆ. ಆ ಮಾತು ಉಳಿಸಿಕೊಳ್ಳಲು ಹೋಗಿ ಸಾವನ್ನು ಮುಚ್ಚಿಡುವ ಒತ್ತಡ ಕೆಳಗಿನವರ ಮೇಲೆ ಬೀಳುತ್ತದೆ. ತಾಯಿ ಸತ್ತಾಗ ನಡೆಯುವ ಪರಿಶೀಲನಾ ಸಭೆ ಯಾರನ್ನು ಹಿಡಿಯೋಣ ಎಂಬ ಸಭೆಯಾಗಬಾರದು. ಹಾಗಾದ ಜಿಲ್ಲೆಯಲ್ಲಿ ಯಾರೂ ನಿಜ ಹೇಳುವುದಿಲ್ಲ.

ಯೋಜನೆಯ ಅವಧಿ ಮುಗಿದ ಮೇಲೆ ಏನು ಉಳಿಯುತ್ತದೆ?

ನೀವು ಶುರುವಿನಲ್ಲಿ ಯಾರ ಕೈಗೆ ಕೊಟ್ಟಿರೋ ಅದು ಉಳಿಯುತ್ತದೆ. ಮೆಂಟರ್ ಹುದ್ದೆಯೇ ನಿಮ್ಮ ಸಂಬಳದ ಮೇಲೆ ನಿಂತಿದ್ದರೆ, ಸಂಬಳ ನಿಂತ ತಿಂಗಳು ಅದೂ ನಿಲ್ಲುತ್ತದೆ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಕಲಿಸುವ ಆಸೆ ಇರುವ ಒಬ್ಬ ಸಿಸ್ಟರ್ ಇದ್ದೇ ಇರುತ್ತಾರೆ. ಮೊದಲ ಆರು ತಿಂಗಳಲ್ಲಿ ಅವರನ್ನು ಗುರುತಿಸಿ. ತಿಂಗಳಿಗೆ ಎರಡು ದಿನ ಸುತ್ತಮುತ್ತಲಿನ ಕೇಂದ್ರಗಳಿಗೆ ಹೋಗಲು ಅವರಿಗೆ ಆದೇಶ ಮಾಡಿಸಿ. ಓಡಾಟದ ಖರ್ಚನ್ನು ಜಿಲ್ಲೆಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿಸಲು ಕೇಳಿ. ಗೊಂಬೆ, ಅಂಬು ಬ್ಯಾಗ್, ಅಭ್ಯಾಸದ ಸಾಮಾನನ್ನು ಆಸ್ಪತ್ರೆಯ ದಾಸ್ತಾನು ಪುಸ್ತಕದಲ್ಲಿ ಬರೆಸಿ ಕೊಟ್ಟು ಹೋಗಿ. ಆ ಸಾಮಾನು ಇಟ್ಟ ಬೀರುವಿನ ಕೀಲಿ ರಾತ್ರಿ ಪಾಳಿಯವರ ಹತ್ತಿರವೂ ಇರುವಂತೆ ನೋಡಿಕೊಳ್ಳಿ.